ಸಿಮ್ ಬದಲಾಗಲಿ, ನಂಬರ್ ನಮ್ಮದೇ ಇರಲಿ



ನಮ್ಮ ಸಂಜೆ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ನಾವೆಲ್ಲ ಅವರನ್ನು ಟೈಲರಕ್ಕ ಅಂತಲೇ ಕರೆಯುತ್ತೇವೆ. ಅವರ ಬಾಗಿಲ ಪಕ್ಕದ ಗೋಡೆ ಮೇಲೆ ಫೋನ್ ನಂಬರ್ ಬರೆಸಿದ್ದಾರೆ. ಸುತ್ತ ನಾಲ್ಕು ಹಳ್ಳಿಯವರಿಗೆ ಆ ನಂಬರ್ ಗೊತ್ತು.

ಎರಡು ವರ್ಷದ ಹಿಂದೆ ಅವರ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗದಾಯಿತು. ಮಾತಾಡಬೇಕಾದರೆ ನೀರಿನ ಟ್ಯಾಂಕ್ ಹತ್ತಿರ ಹೋಗಿ ನಿಲ್ಲಬೇಕು. ಮಿಷನ್ ಬಿಟ್ಟು ಎಷ್ಟು ಸಲ ಓಡೋದು? ಬೇಸತ್ತು ಹೋದರು. ಸಂತೆಗೆ ಹೋದಾಗ ಬೇರೆ ಕಂಪನಿಯ ಹೊಸ ಸಿಮ್ ಕೊಂಡರು. ಹೊಸ ಸಿಮ್, ಹೊಸ ನಂಬರ್. ಹಳೆ ಸಿಮ್ ಎಸೆದರು.

ಆಮೇಲೆ ಏನಾಯಿತು?

ಗಿರಾಕಿಗಳು ಹಳೆ ನಂಬರಿಗೇ ಫೋನ್ ಮಾಡಿದರು. ಮೊದಮೊದಲು ಯಾರೂ ಎತ್ತಲಿಲ್ಲ. ಕೆಲವು ತಿಂಗಳಾದ ಮೇಲೆ ಯಾರೋ ಗಂಡಸು ಎತ್ತಿ "ರಾಂಗ್ ನಂಬರ್" ಅಂದ. ಬ್ಯಾಂಕಿನ ಮೆಸೇಜ್ ಬರಲಿಲ್ಲ. ಗೃಹಲಕ್ಷ್ಮಿ ದುಡ್ಡು ಬಂತೋ ಇಲ್ಲವೋ ತಿಳಿಯಲಿಲ್ಲ. ಪ್ರತಿ ಸಲವೂ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಬೇಕಾಯಿತು. ಆಧಾರ್‌ಗೆ ಕೊಟ್ಟಿದ್ದೂ ಹಳೆ ನಂಬರೇ. ಅದನ್ನು ತಿದ್ದಿಸಲು ಎರಡು ದಿನದ ಕೆಲಸ ಕೆಟ್ಟಿತು.

"ನಂಬರ್ ಹೋದರೆ ಇಷ್ಟೆಲ್ಲ ಹೋಗುತ್ತೆ ಅಂತ ನನಗೆ ಯಾರೂ ಹೇಳಲಿಲ್ಲ ಟೀಚರಮ್ಮ" ಅಂತ ಅವರು ಕೇಂದ್ರದಲ್ಲಿ ಹೇಳಿದರು.

ನಿಜವಾಗಿ ಅವರು ನಂಬರ್ ಬಿಡಬೇಕಾಗಿರಲಿಲ್ಲ. ಕಂಪನಿ ಬದಲಾಯಿಸಬಹುದು. ಆದರೂ ಹಳೆ ನಂಬರನ್ನೇ ಇಟ್ಟುಕೊಳ್ಳಬಹುದು. ಇದಕ್ಕೆ 'ಪೋರ್ಟ್ ಮಾಡಿಸುವುದು' ಅನ್ನುತ್ತಾರೆ. ಹೇಗೆ ಅಂತ ಬನ್ನಿ, ತಿಳಿಯೋಣ.

ಬಿಟ್ಟ ನಂಬರ್ ಎಲ್ಲಿಗೆ ಹೋಗುತ್ತದೆ?

ನಾವು ಬಿಟ್ಟ ನಂಬರ್ ಸಾಯುವುದಿಲ್ಲ. ಬಹಳ ದಿನ ಬಳಸದಿದ್ದರೆ ಕಂಪನಿ ಅದನ್ನು ಬಂದ್ ಮಾಡುತ್ತದೆ. ಬಂದ್ ಆಗಿ 90 ದಿನ ಕಳೆದ ಮೇಲೆ ಅದೇ ನಂಬರನ್ನು ಬೇರೊಬ್ಬರಿಗೆ ಕೊಡಬಹುದು. ಆಗ ನಮ್ಮ ಬ್ಯಾಂಕಿನ ಮೆಸೇಜ್ ಅವರ ಫೋನಿಗೆ ಹೋಗುತ್ತದೆ. ಬ್ಯಾಂಕಿನವರು ಕಳಿಸುವ ಗುಟ್ಟಿನ ನಂಬರ್, ಅಂದರೆ ಓಟಿಪಿ, ಅದೂ ಅವರಿಗೇ ಹೋಗುತ್ತದೆ.

ನಮ್ಮ ಮನೆ ಬೀಗದ ಕೈ ಗುರುತಿಲ್ಲದವರ ಕೈಗೆ ಕೊಡುತ್ತೇವೆಯೇ? ಇಲ್ಲ. ಇವತ್ತು ಫೋನ್ ನಂಬರೂ ಒಂದು ಬೀಗದ ಕೈ. ಅದಕ್ಕೇ ಸುಮ್ಮನೆ ಬಿಡಬಾರದು.

ಇದು ನಮ್ಮ ಹಕ್ಕು

ಮೊದಲು ಹೀಗಿರಲಿಲ್ಲ. ಕಂಪನಿ ಬಿಟ್ಟರೆ ನಂಬರೂ ಬಿಡಬೇಕಾಗಿತ್ತು. ಸೇವೆ ಕೆಟ್ಟದಾಗಿದ್ದರೂ ನಂಬರಿಗಾಗಿ ಜನ ಅಲ್ಲೇ ಇರುತ್ತಿದ್ದರು.

ಫೋನ್ ಕಂಪನಿಗಳ ಮೇಲೆ ಕಣ್ಣಿಡಲು ಟ್ರಾಯ್ ಅನ್ನುವ ಸಂಸ್ಥೆ ಇದೆ. ಅದು 2009ರಲ್ಲಿ ಇದಕ್ಕೆ ನಿಯಮ ಮಾಡಿತು. 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಮೊದಲು ಜಾರಿಗೆ ಬಂತು. 2011ರ ಜನವರಿ 20ರಿಂದ ಇಡೀ ದೇಶಕ್ಕೆ ಬಂತು. ಆದರೆ ಆಗ ತಮ್ಮ ವಲಯದ ಒಳಗೆ ಮಾತ್ರ ಬದಲಾಯಿಸಬಹುದಿತ್ತು. 2015ರ ಜುಲೈ 3ರಿಂದ ಆ ಗಡಿಯೂ ಹೋಯಿತು. ಈಗ ದುಡಿಯಲು ಗೋವಾಕ್ಕೆ ಹೋದವರು, ಪುಣೆಗೆ ಹೋದವರು ಅಲ್ಲಿಯ ಸಿಮ್ ತೆಗೆದುಕೊಂಡರೂ ಊರಿನ ನಂಬರೇ ಇಟ್ಟುಕೊಳ್ಳಬಹುದು.

ಕಂಪನಿ ಬೇರೆಯಾದರೂ ಕರೆ ಹೇಗೆ ಬರುತ್ತದೆ?

ನಮ್ಮ ಊರಿನ ಅಂಚೆಯಣ್ಣನನ್ನು ನೆನೆಯಿರಿ. ನಾವು ಮೇಲಿನ ಕೇರಿಯಿಂದ ಕೆಳಗಿನ ಕೇರಿಗೆ ಮನೆ ಬದಲಾಯಿಸಿದೆವು. ಹೆಸರು ಬದಲಾಗಲಿಲ್ಲ. ಅಂಚೆಯಣ್ಣನಿಗೆ ಅದು ಗೊತ್ತು. ಕಾಗದ ಬಂದರೆ ನೇರ ಕೆಳಗಿನ ಕೇರಿಗೆ ತರುತ್ತಾನೆ.

ಫೋನಿನಲ್ಲೂ ಹಾಗೆಯೇ. ಕಂಪನಿ ಬದಲಾಯಿಸಿದ ನಂಬರುಗಳದ್ದು ಒಂದು ದೊಡ್ಡ ಪಟ್ಟಿ ಇದೆ. ಯಾರಾದರೂ ನಮಗೆ ಫೋನ್ ಮಾಡಿದರೆ ಅವರ ಕಂಪನಿ ಮೊದಲು ಪಟ್ಟಿ ನೋಡುತ್ತದೆ. 'ಈ ನಂಬರ್ ಈಗ ಯಾವ ಕಂಪನಿಯಲ್ಲಿದೆ?' ಅಂತ ತಿಳಿಯುತ್ತದೆ. ಅಲ್ಲಿಗೆ ಕರೆ ಕಳಿಸುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಫೋನ್ ಮಾಡಿದವರಿಗೆ ಗೊತ್ತೂ ಆಗುವುದಿಲ್ಲ.

ಹೋಗುವ ಮೊದಲು ನೋಡಬೇಕಾದ್ದು

ಆತುರ ಬೇಡ. ಮೊದಲು ಈ ಆರು ವಿಷಯ ನೋಡೋಣ.

ಒಂದು. ಹೊಸ ಕಂಪನಿಯ ಸಿಗ್ನಲ್ ನಮ್ಮ ಮನೆಯಲ್ಲಿ ಸಿಗುತ್ತದೆಯೇ? ಅಂಗಡಿಯವರ ಮಾತು ನಂಬಿ ಹೋಗಬಾರದು. ಆ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರನ್ನು ಕರೆಯಿರಿ. ಅವರ ಫೋನನ್ನು ನಮ್ಮ ಅಡಿಗೆಮನೆಯಲ್ಲಿ, ಹಿತ್ತಲಲ್ಲಿ ಹಿಡಿದು ನೋಡಿ. ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್, ಯಾವುದಾದರೂ ಸರಿ. ನಮ್ಮ ಮನೆಯಲ್ಲಿ ಸಿಗುವುದೇ ನಮಗೆ ಒಳ್ಳೆಯದು.

ಎರಡು. ನಮ್ಮ ಫೋನಿಗೆ ಆ ಸಿಮ್ ಆಗುತ್ತದೆಯೇ? ಹಳೆಯ ಬಟನ್ ಫೋನಿನಲ್ಲಿ ಎಲ್ಲ ಸಿಮ್ ನಡೆಯುವುದಿಲ್ಲ. ಜಿಯೋ ಸಿಮ್‌ಗೆ 4ಜಿ ಫೋನೇ ಬೇಕು. ನಮ್ಮ ಫೋನನ್ನೇ ಅಂಗಡಿಗೆ ಒಯ್ದು ಕೇಳಬೇಕು.

ಮೂರು. ಈಗಿನ ಕಂಪನಿಗೆ ಸೇರಿ 90 ದಿನ ಆಗಿದೆಯೇ? ಆಗಿರಲೇಬೇಕು. ಒಮ್ಮೆ ಬದಲಾಯಿಸಿದ ಮೇಲೂ ಅಷ್ಟೇ. ಮತ್ತೆ ಬದಲಾಯಿಸಲು 90 ದಿನ ಕಾಯಬೇಕು.

ನಾಲ್ಕು. ಬಾಕಿ ಇದೆಯೇ? ತಿಂಗಳಿಗೊಮ್ಮೆ ಬಿಲ್ಲು ಬರುವ ನಂಬರ್ ಆದರೆ ಬಂದ ಬಿಲ್ಲು ಕಟ್ಟಿರಬೇಕು. ರೀಚಾರ್ಜ್ ಮಾಡಿಸುವ ನಂಬರಿಗೆ ಈ ಚಿಂತೆ ಇಲ್ಲ. ಆದರೆ ಒಂದು ಮಾತು. ಹಳೆ ಕಂಪನಿಯಲ್ಲಿ ಉಳಿದ ದುಡ್ಡು, ಉಳಿದ ದಿನ ಹೊಸ ಕಂಪನಿಗೆ ಬರುವುದಿಲ್ಲ. ಅದಕ್ಕೆ ನಿನ್ನೆ ರೀಚಾರ್ಜ್ ಮಾಡಿಸಿ ಇವತ್ತು ಬಿಡಬೇಡಿ. ರೀಚಾರ್ಜ್ ಮುಗಿಯುತ್ತ ಬಂದಾಗ ಬದಲಾಯಿಸಿ.

ಐದು. ಸಿಮ್ ಕಳೆದು ಹೋಗಿ ಅದೇ ನಂಬರಿನ ಬದಲಿ ಸಿಮ್ ತೆಗೆದುಕೊಂಡಿದ್ದೀರಾ? ಹಾಗಾದರೆ 7 ದಿನ ಕಾಯಬೇಕು. ಈ ನಿಯಮ 2024ರ ಜುಲೈ 1ರಿಂದ ಇದೆ. ಕಳ್ಳರು ನಮ್ಮ ಹೆಸರಲ್ಲಿ ಬದಲಿ ಸಿಮ್ ತೆಗೆದು, ನಂಬರನ್ನು ಹಾರಿಸಿಕೊಂಡು ಹೋಗಬಾರದು ಅಂತ ಹೀಗೆ ಮಾಡಿದ್ದಾರೆ.

ಆರು. ಸಿಮ್ ಯಾರ ಹೆಸರಲ್ಲಿದೆ? ಇದು ಎಲ್ಲಕ್ಕಿಂತ ದೊಡ್ಡದು. ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡೋಣ.

ನಂಬರ್ ಯಾರದ್ದು?

ಕೇಂದ್ರದಲ್ಲಿ ಒಂದು ದಿನ ನಾವು ಕೇಳಿದೆವು. "ನಿಮ್ಮ ಸಿಮ್ ಯಾರ ಹೆಸರಲ್ಲಿದೆ?"

"ನಮ್ಮೆಜಮಾನರ ಹೆಸರಲ್ಲಿ" ಅಂದರು ಒಬ್ಬರು.

"ಮಗ ತಂದುಕೊಟ್ಟ. ಅವನ ಹೆಸರಲ್ಲೇ ಇರಬೇಕು" ಅಂದರು ಇನ್ನೊಬ್ಬರು.

"ಸಿಮ್‌ಗೂ ಹೆಸರಿರುತ್ತಾ ಟೀಚರಮ್ಮ?" ಅಂತ ಕೇಳಿದರು ಮತ್ತೊಬ್ಬರು.

ಇರುತ್ತದೆ. ಸಿಮ್ ಕೊಳ್ಳುವಾಗ ಯಾರ ಗುರುತಿನ ಚೀಟಿ ಕೊಟ್ಟರೋ ಆ ಸಿಮ್ ಅವರದ್ದು. ಹತ್ತು ವರ್ಷ ನಾವೇ ಬಳಸಿದ್ದರೂ ಕಾಗದದ ಮೇಲೆ ಅದು ನಮ್ಮದಲ್ಲ. ಕಂಪನಿ ಬದಲಾಯಿಸಲು ಹೆಸರಿನವರೇ ತಮ್ಮ ಚೀಟಿ ಹಿಡಿದು ಬರಬೇಕು. ಮಗ ದೂರದ ಊರಲ್ಲಿದ್ದರೆ? ನಮ್ಮ ಕೆಲಸ ನಿಂತಿತು. ಸಿಮ್ ಕಳೆದರೂ ಇದೇ ಕಷ್ಟ.

ಹೊಲದ ಪಹಣಿ ಯಾರ ಹೆಸರಲ್ಲಿದೆ ಅಂತ ನೋಡುತ್ತೇವೆ. ಮನೆ ಪತ್ರ ಯಾರ ಹೆಸರಲ್ಲಿದೆ ಅಂತ ನೋಡುತ್ತೇವೆ. ಸಿಮ್ ಕೂಡ ನೋಡಬೇಕು. ನಮ್ಮ ಖಾತೆಯ ದುಡ್ಡಿನ ಮೆಸೇಜ್ ಬರುವ ನಂಬರ್ ನಮ್ಮ ಹೆಸರಲ್ಲೇ ಇರುವುದು ಒಳ್ಳೆಯದು.

ಹೆಸರು ಬದಲಾಯಿಸಲು ಆಗುತ್ತದೆ. ಈಗಿರುವ ಕಂಪನಿಯ ಸ್ವಂತ ಅಂಗಡಿಗೆ ಹೋಗಬೇಕು. ಹೆಸರಿನವರೂ ಬರಬೇಕು, ನಾವೂ ಹೋಗಬೇಕು. ಇಬ್ಬರ ಗುರುತಿನ ಚೀಟಿಯೂ ಬೇಕು. ನೆನಪಿಡಿ. ಹೆಸರು ಬದಲಾವಣೆ ನಡೆಯುತ್ತಿರುವಾಗ ಕಂಪನಿ ಬದಲಾಯಿಸಲು ಬಿಡುವುದಿಲ್ಲ. ಮೊದಲು ಹೆಸರಿನ ಕೆಲಸ ಮುಗಿಯಲಿ. ಆಮೇಲೆ ಕಂಪನಿಯ ಕೆಲಸ.

ಮೊದಲ ಹೆಜ್ಜೆ: ಮೆಸೇಜ್ ಕಳಿಸುವುದು

ನಮ್ಮ ಕೇಂದ್ರದ ಹೂವಿನಕ್ಕ ಕಂಪನಿ ಬದಲಾಯಿಸಬೇಕು ಅಂದರು. ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಾರೆ. ಮದುವೆ ಹಾರದ ಆರ್ಡರು ಎಲ್ಲ ಫೋನಿನಲ್ಲೇ. ಸಿಮ್ ಅವರ ಹೆಸರಲ್ಲೇ ಇತ್ತು. "ಹಾಗಾದರೆ ಎಲ್ಲರೂ ಕೂತು ಮಾಡೋಣ" ಅಂದೆವು.

ಮೆಸೇಜ್ ಇಂಗ್ಲಿಷಿನಲ್ಲಿ ಕಳಿಸಬೇಕು. ಹೆದರಬೇಡಿ. ನಾಲ್ಕೇ ಅಕ್ಷರ. ಪಿ, ಓ, ಆರ್, ಟಿ. ಕೂಡಿಸಿ ಓದಿದರೆ 'ಪೋರ್ಟ್'.

ಈ ಅಕ್ಷರಗಳ ಗುರುತು ಹೀಗೆ:

ಪಿ: ನೆಟ್ಟ ಕೋಲು. ಅದರ ತಲೆಯ ಬಲಗಡೆಗೆ ಅರ್ಧ ಬಳೆ.
ಓ: ಇಡೀ ಬಳೆ.
ಆರ್: ಪಿ ಹಾಗೆಯೇ. ಆದರೆ ಬಳೆಯ ಕೆಳಗೆ ಒಂದು ಕಾಲು ಚಾಚಿದೆ.
ಟಿ: ನೆಟ್ಟ ಕಂಬ. ಮೇಲೆ ಅಡ್ಡ ತೊಲೆ.

ಈ ನಾಲ್ಕು ಅಕ್ಷರ ಒತ್ತಬೇಕು. ಆಮೇಲೆ ಒಂದು ಜಾಗ ಬಿಡಬೇಕು. ಆಮೇಲೆ ನಮ್ಮ ಹತ್ತು ಅಂಕಿಯ ಫೋನ್ ನಂಬರ್ ಒತ್ತಬೇಕು. ಅದನ್ನು 1900 ನಂಬರಿಗೆ ಕಳಿಸಬೇಕು. ಯಾವ ನಂಬರ್ ಬದಲಾಯಿಸಬೇಕೋ ಆ ಸಿಮ್‌ನಿಂದಲೇ ಕಳಿಸಬೇಕು. ಮಗಳ ಫೋನಿನಿಂದ ಕಳಿಸಿದರೆ ಆಗುವುದಿಲ್ಲ.

"ನನ್ನ ರೀಚಾರ್ಜಲ್ಲಿ ಮೆಸೇಜ್ ಇಲ್ವಲ್ಲ" ಅಂದರು ಹೂವಿನಕ್ಕ. ಇದೂ ಒಂದು ತೊಂದರೆಯೇ ಆಗಿತ್ತು. ಕಡಿಮೆ ದುಡ್ಡಿನ ರೀಚಾರ್ಜ್‌ನಲ್ಲಿ ಮೆಸೇಜ್ ಕೊಡುತ್ತಿರಲಿಲ್ಲ. ಬಡವರು ಕಂಪನಿ ಬಿಡಲಾರದೆ ಸಿಕ್ಕಿಕೊಳ್ಳುತ್ತಿದ್ದರು. 2021ರ ಡಿಸೆಂಬರ್‌ನಲ್ಲಿ ಟ್ರಾಯ್ ಕಂಪನಿಗಳಿಗೆ ಆದೇಶ ಕೊಟ್ಟಿತು. ಯಾವ ರೀಚಾರ್ಜ್ ಇದ್ದರೂ 1900ಕ್ಕೆ ಮೆಸೇಜ್ ಹೋಗುವಂತೆ ಮಾಡಬೇಕು ಅಂತ ಹೇಳಿತು.

ಹೂವಿನಕ್ಕ ಕಳಿಸಿದರು. ಉತ್ತರ ಬಂತು. 'ಈಗ ಆಗುವುದಿಲ್ಲ' ಅಂತ ಇತ್ತು. ಯಾಕೆ? ಆಮೇಲೆ ನೆನಪಾಯಿತು. ನಾಲ್ಕು ದಿನದ ಹಿಂದೆ ಫೋನ್ ನೀರಿಗೆ ಬಿದ್ದು ಬದಲಿ ಸಿಮ್ ತಂದಿದ್ದರು. 7 ದಿನ ಆಗಿರಲಿಲ್ಲ. ಮುಂದಿನ ವಾರ ಮತ್ತೆ ಕಳಿಸಿದರು. ಈ ಸಲ ಕೋಡ್ ಬಂತು. ಅಕ್ಷರ, ಅಂಕಿ ಸೇರಿ ಒಟ್ಟು ಎಂಟು.

ಈ ಕೋಡಿಗೆ ಯುಪಿಸಿ ಅನ್ನುತ್ತಾರೆ. ನಮ್ಮ ಕಡೆ ಇದು 4 ದಿನ ಮಾತ್ರ ನಡೆಯುತ್ತದೆ. ಅಷ್ಟರೊಳಗೆ ಅಂಗಡಿಗೆ ಹೋಗಬೇಕು. ದಿನ ಮೀರಿದರೆ ಮತ್ತೆ ಮೆಸೇಜ್ ಕಳಿಸಬೇಕು.

ಎರಡನೆಯ ಹೆಜ್ಜೆ: ಅಂಗಡಿ

ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಗುರುತಿನ ಚೀಟಿ, ವಿಳಾಸದ ಚೀಟಿ ಒಯ್ಯಬೇಕು. ಅಲ್ಲಿ ನಮ್ಮ ಫೋಟೋ ತೆಗೆಯುತ್ತಾರೆ. ಕೋಡ್ ತೋರಿಸಬೇಕು. ಅವರು ಹೊಸ ಸಿಮ್ ಕೊಡುತ್ತಾರೆ.

ಇದಕ್ಕೆ ದುಡ್ಡು ಎಷ್ಟು? ಪೋರ್ಟ್ ಶುಲ್ಕ 6 ರೂಪಾಯಿ 46 ಪೈಸೆ ಅಂತ ಟ್ರಾಯ್ 2019ರಲ್ಲಿ ಗೊತ್ತು ಮಾಡಿತು. ಹೊಸ ಕಂಪನಿಯ ಮೊದಲ ರೀಚಾರ್ಜ್ ಬೇರೆ. ಅಂಗಡಿಯವರು ನೂರು, ಇನ್ನೂರು ಜಾಸ್ತಿ ಕೇಳಿದರೆ "ಇದು ಯಾತಕ್ಕೆ? ರಸೀತಿ ಕೊಡಿ" ಅಂತ ಕೇಳಿ. ಕೇಳುವುದು ತಪ್ಪಲ್ಲ.

ಹೆಬ್ಬೆಟ್ಟು ಒತ್ತುವಾಗ ಎಚ್ಚರ. ಹೆಬ್ಬೆಟ್ಟಿನಿಂದ ಸಹಿಗೆ ಬಂದವರು ನಾವು. ಆದರೆ ಸಿಮ್ ಅಂಗಡಿಯಲ್ಲಿ ಸಹಿ ಬರುವವರಿಂದಲೂ ಬೆರಳಚ್ಚು ತೆಗೆದುಕೊಳ್ಳುವುದುಂಟು. "ಸರಿಯಾಗಿ ಬರಲಿಲ್ಲ, ಮತ್ತೆ ಒತ್ತಿ" ಅಂತ ಎರಡನೆಯ ಸಲ ಒತ್ತಿಸಿ, ನಮ್ಮ ಹೆಸರಲ್ಲಿ ಇನ್ನೊಂದು ಸಿಮ್ ತೆಗೆಯುವ ಮೋಸಗಾರರೂ ಇದ್ದಾರೆ. ಮತ್ತೆ ಒತ್ತಿ ಅಂದರೆ "ಯಾಕೆ? ಪರದೆ ಮೇಲೆ ಏನು ಬಂದಿದೆ ತೋರಿಸಿ" ಅನ್ನಿ. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸರ್ಕಾರದ 'ಸಂಚಾರ್ ಸಾಥಿ' ತಾಣದಲ್ಲಿ ನೋಡಬಹುದು. ಮೊಬೈಲು ಬಲ್ಲ ಮಗಳನ್ನೋ ಸೊಸೆಯನ್ನೋ ಕೂರಿಸಿಕೊಂಡು ನೋಡಿ.

ಮೂರನೆಯ ಹೆಜ್ಜೆ: ಕಾಯುವುದು

ಹೊಸ ಸಿಮ್ ಕೈಗೆ ಬಂತು. ತಕ್ಷಣ ಹಾಕಬಾರದು. ಹಳೆ ಸಿಮ್ ಫೋನಿನಲ್ಲೇ ಇರಲಿ. ನಮ್ಮ ವಲಯದ ಒಳಗೇ ಬದಲಾಯಿಸಿದರೆ ಕೆಲಸದ 3 ದಿನ ಬೇಕು. ಬೇರೆ ವಲಯಕ್ಕೆ ಆದರೆ ಕೆಲಸದ 5 ದಿನ. ನಡುವೆ ರಜೆ ಬಂದರೆ ಅದು ಲೆಕ್ಕಕ್ಕಿಲ್ಲ.

ಯಾವ ದಿನ, ಯಾವ ಹೊತ್ತಿಗೆ ಬದಲಾಗುತ್ತದೆ ಅಂತ ಮೆಸೇಜ್ ಬರುತ್ತದೆ. ಆ ಹೊತ್ತಿಗೆ ಹಳೆ ಸಿಮ್ ಸತ್ತು ಹೋಗುತ್ತದೆ. ಆಗ ಹೊಸ ಸಿಮ್ ಹಾಕಬೇಕು. ಕೆಲವು ತಾಸು ಫೋನ್ ನಡೆಯದಿರಬಹುದು. ಗಾಬರಿ ಬೇಡ.

ಈ ಕಾಯುವ ದಿನಗಳಲ್ಲಿ ಒಂದು ಕೆಲಸ ಮಾಡೋಣ. ಕೆಲವರ ಫೋನಿನಲ್ಲಿ ನೆಂಟರ ನಂಬರುಗಳು ಹಳೆ ಸಿಮ್‌ನ ಒಳಗೇ ಇರುತ್ತವೆ. ಸಿಮ್ ತೆಗೆದರೆ ಅವೂ ಹೋಗುತ್ತವೆ. ಅದಕ್ಕೆ ಎಲ್ಲ ನಂಬರುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡೋಣ. ಓದು ಬರಹ ಕಲಿತದ್ದು ಇದಕ್ಕೇ ಅಲ್ಲವೇ? ಹೂವಿನಕ್ಕ ಮೂರು ಸಂಜೆ ಕೂತು ನಲವತ್ತು ಹೆಸರು, ನಲವತ್ತು ನಂಬರ್ ತಾವೇ ಬರೆದರು.

ಮನಸ್ಸು ಬದಲಾದರೆ? ಅಂಗಡಿಯಲ್ಲಿ ಅರ್ಜಿ ಕೊಟ್ಟ 24 ಗಂಟೆಯೊಳಗೆ ಬೇಡ ಅನ್ನಬಹುದು. ಇಂಗ್ಲಿಷಿನಲ್ಲಿ ಸಿ, ಎ, ಎನ್, ಸಿ, ಇ, ಎಲ್ ಅಂತ ಒತ್ತಿ, ಜಾಗ ಬಿಟ್ಟು, ನಮ್ಮ ನಂಬರ್ ಬರೆದು 1900ಕ್ಕೆ ಕಳಿಸಬೇಕು. ಅಂದರೆ 'ಕ್ಯಾನ್ಸಲ್', ರದ್ದು ಅಂತ.

ಕೋಡ್ ಗುಟ್ಟಾಗಿರಲಿ

ಒಂದು ಮುಖ್ಯವಾದ ಮಾತು. ಯಾರೋ ಫೋನ್ ಮಾಡುತ್ತಾರೆ. "ನಿಮ್ಮ ನಂಬರ್ ಇವತ್ತು ಬಂದ್ ಆಗುತ್ತೆ. ಒಂದು ಮೆಸೇಜ್ ಕಳಿಸಿ. ಬಂದ ಕೋಡ್ ನಮಗೆ ಹೇಳಿ" ಅನ್ನುತ್ತಾರೆ. ಹೇಳಬಾರದು. ಫೋನ್ ಇಡಬೇಕು. ಆ ಕೋಡ್ ಹಿಡಿದು ಕಳ್ಳರು ನಮ್ಮ ನಂಬರನ್ನೇ ಬೇರೆ ಸಿಮ್‌ಗೆ ಒಯ್ಯಬಹುದು. ನಂಬರ್ ಹೋದರೆ ಬ್ಯಾಂಕಿನ ಓಟಿಪಿ ಅವರಿಗೆ ಹೋಗುತ್ತದೆ. ಓಟಿಪಿ ಹೋದರೆ ದುಡ್ಡು ಹೋಗುತ್ತದೆ.

ಕೋಡನ್ನು ಅಂಗಡಿಯಲ್ಲಿ, ನಾವು ಎದುರಿಗೆ ನಿಂತು ತೋರಿಸಬೇಕು. ಫೋನಿನಲ್ಲಿ ಯಾರಿಗೂ ಓದಿ ಹೇಳಬಾರದು.

ನಾವು ಕೇಳದೆಯೇ ಪೋರ್ಟ್ ಮೆಸೇಜ್ ಬಂದರೆ ಸುಮ್ಮನಿರಬೇಡಿ. ಕೂಡಲೇ ರದ್ದು ಮೆಸೇಜ್ ಕಳಿಸಿ. ನಮ್ಮ ಕಂಪನಿಗೆ ತಿಳಿಸಿ. ಬ್ಯಾಂಕಿಗೂ ತಿಳಿಸಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಇಂಥ ಮೋಸಗಳ ದೂರು ತೆಗೆದುಕೊಳ್ಳುವ ಸರ್ಕಾರದ ಸಹಾಯವಾಣಿ.

ಕಂಪನಿ ಬಿಡದಿದ್ದರೆ?

ಹಳೆ ಕಂಪನಿಯವರು ತಮಗೆ ಇಷ್ಟವಿಲ್ಲ ಅಂತ ತಡೆಯುವ ಹಾಗಿಲ್ಲ. ನಿಯಮದಲ್ಲಿರುವ ಕಾರಣ ಇದ್ದರೆ ಮಾತ್ರ ತಡೆಯಬಹುದು. ಸುಮ್ಮನೆ ತಡೆದರೆ 198ಕ್ಕೆ ಫೋನ್ ಮಾಡಿ ದೂರು ಕೊಡಿ. ಅದಕ್ಕೆ ದುಡ್ಡಿಲ್ಲ. ಅವರು ಒಂದು ದೂರಿನ ಸಂಖ್ಯೆ ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ. ಬಾಯಿಮಾತು ಮರೆತು ಹೋಗುತ್ತದೆ. ಬರೆದದ್ದು ಉಳಿಯುತ್ತದೆ.

ಕೊನೆಗೆ ಏನಾಯಿತು?

ಹೂವಿನಕ್ಕನ ಸಿಮ್ ಬದಲಾಯಿತು. ಮಾರನೆಯ ಬೆಳಿಗ್ಗೆ ಮೊದಲ ಫೋನ್ ಬಂತು. ಹಳೆ ಗಿರಾಕಿ, ಹಳೆ ನಂಬರು. "ನಾಳೆ ಎರಡು ಹಾರ ಬೇಕಿತ್ತಮ್ಮ" ಅಂದರಂತೆ. ಹೂವಿನಕ್ಕ ಹಿತ್ತಲಲ್ಲಿ ಕೂತು ಹೂವು ಕಟ್ಟುತ್ತಲೇ ಮಾತಾಡಿದರು.

ಟೈಲರಕ್ಕನ ಹಳೆ ನಂಬರ್ ಬೇರೆಯವರ ಪಾಲಾಗಿ ಹೋಗಿದೆ. ಅದು ಮತ್ತೆ ಸಿಗುವ ಹಾಗಿಲ್ಲ. ಆದರೆ ಅವರು ಸುಮ್ಮನೆ ಕೂರಲಿಲ್ಲ. ಗೋಡೆಯ ಮೇಲಿನ ಹಳೆ ನಂಬರಿಗೆ ಸುಣ್ಣ ಬಳಿದು, ಹೊಸದನ್ನು ತಮ್ಮ ಕೈಯಾರೆ ಬರೆದರು. ಅಂಕಿ ಸ್ವಲ್ಪ ಸೊಟ್ಟ ಇವೆ. ಆದರೆ ದೂರದಿಂದಲೂ ಓದಲು ಬರುತ್ತವೆ. ಈಗ ಕೇಂದ್ರಕ್ಕೆ ಹೊಸದಾಗಿ ಬಂದವರಿಗೆ 1900ರ ವಿಷಯ ಹೇಳಿಕೊಡುವವರು ಅವರೇ.

ನಾವು ಮಾಡೋಣ

1. ನಮ್ಮ ಫೋನ್ ನಂಬರನ್ನು ನೋಡದೆ ಬರೆಯೋಣ.
2. ನಮ್ಮ ಸಿಮ್ ಯಾರ ಹೆಸರಲ್ಲಿದೆ ಅಂತ ಇವತ್ತೇ ಮನೆಯಲ್ಲಿ ಕೇಳೋಣ.
3. 1900, 198, 1930. ಈ ಮೂರು ನಂಬರ್ ಯಾತಕ್ಕೆ ಅಂತ ನೋಟುಬುಕ್ಕಿನಲ್ಲಿ ಬರೆಯೋಣ.
4. ಪಿ, ಓ, ಆರ್, ಟಿ ಅಕ್ಷರಗಳನ್ನು ನಮ್ಮ ಫೋನಿನಲ್ಲಿ ಹುಡುಕೋಣ.
5. ಕೋಡನ್ನು ಫೋನಿನಲ್ಲಿ ಯಾಕೆ ಹೇಳಬಾರದು? ಪಕ್ಕದವರಿಗೆ ವಿವರಿಸೋಣ.